ಸೆನ್ಸರ್ ಸುಮ್ಮನಿದ್ದರೆ ಏನೆಂದು ತಿಳಿಯಬೇಕು? ಕೋಲಾರ ಹನಿ ನೀರಾವರಿ ಬಳಗದ ಪ್ರಶ್ನೋತ್ತರ

ಮಾಲೂರಿನ ಸದಸ್ಯರು: ಟೊಮೆಟೊ ತೋಟದ ತೇವಾಂಶ ಸೆನ್ಸರ್‌ಗಳು ಐದು ನಿಮಿಷಕ್ಕೊಮ್ಮೆ ಸಂದೇಶ ಕಳುಹಿಸುವುದರಿಂದ ಬ್ಯಾಟರಿ ಬೇಗ ಮುಗಿಯುತ್ತಿದೆ. ಬದಲಾವಣೆಯಾದಾಗ ಮಾತ್ರ ಕಳುಹಿಸಿದರೆ ಸಾಕೇ?

ಇಂಜಿನಿಯರ್: ಸಾಕು. ಆದರೆ ಈಗಿನ ಅಳತೆಯನ್ನು ಕೊನೆಯದಾಗಿ ಕಳುಹಿಸಿದ ಅಳತೆಯೊಂದಿಗೆ ಹೋಲಿಸಿ, ತಕ್ಷಣದ ಹಿಂದಿನ ಅಳತೆಯೊಂದಿಗಲ್ಲ. ಇಲ್ಲವಾದರೆ ನಿಧಾನವಾಗಿ ಒಣಗುವ ಮಣ್ಣು, ಸಂದೇಶ ಕಳುಹಿಸಲು ಬೇಕಾದ ಬದಲಾವಣೆಯ ಮಿತಿಯನ್ನು ಎಂದಿಗೂ ದಾಟುವುದಿಲ್ಲ.

ಮುಳಬಾಗಿಲಿನ ಸದಸ್ಯರು: ನಾನು ಹಾಗೆಯೇ ಮಾಡಿದ್ದೇನೆ. ವಾಲ್ವ್ ತೆರೆದ ಕೂಡಲೇ ಡ್ರಿಪ್ಪರ್ ಬಳಿಯ ಸೆನ್ಸರ್ ಎಡೆಬಿಡದೆ ಸಂದೇಶ ಕಳುಹಿಸುತ್ತದೆ. ತೋಟದ ಆ ಕೊನೆಯ ಸೆನ್ಸರ್ ನಿನ್ನೆಯಿಂದ ಸುಮ್ಮನಿದೆ. ಅಲ್ಲಿಯ ವಾಲ್ವ್ ತೆರೆಯುತ್ತಿಲ್ಲ, ಗಿಡಗಳು ಬಾಡುತ್ತಿವೆ.

ಇಂಜಿನಿಯರ್: ಮೊದಲು ಆ ವಾಲ್ವನ್ನು ಕೈಯಿಂದಲೇ ತೆರೆದು ನೀರು ಕೊಡಿ. ನಿಮ್ಮಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಮೊದಲನೆಯದು ಎಡೆಬಿಡದ ಸಂದೇಶ. ಬದಲಾವಣೆಯಾದಾಗ ಮಾತ್ರ ಸಂದೇಶ ಕಳುಹಿಸುವ ವಿಧಾನದ ಬಗ್ಗೆ ನಿಯಂತ್ರಣ ವ್ಯವಸ್ಥೆಗಳ ಸಂಶೋಧಕ ಪಾಲೊ ಟಬುವಾಡ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಿತಿಯನ್ನು ಸರಿಯಾಗಿ ಆರಿಸಿದರೆ ಎರಡು ಸಂದೇಶಗಳ ನಡುವೆ ಕನಿಷ್ಠ ಅಂತರ ತಾನಾಗಿಯೇ ಉಳಿಯುತ್ತದೆ. ಆದರೆ ಅಲ್ಲಿ ವ್ಯವಸ್ಥೆಯ ಪೂರ್ಣ ಸ್ಥಿತಿ ಒಂದೇ ಕಡೆ ತಿಳಿದಿರುತ್ತದೆ, ಅಳತೆಯಲ್ಲಿ ಏರುಪೇರಿನ ಗದ್ದಲವೂ ಇರುವುದಿಲ್ಲ. ನಿಮ್ಮ ಪ್ರತಿ ಸೆನ್ಸರ್‌ಗೂ ತನ್ನ ಬುಡದ ತೇವವಷ್ಟೇ ಗೊತ್ತು. ಆದ್ದರಿಂದ ಮಿತಿಯನ್ನು ಗದ್ದಲಕ್ಕಿಂತ ಹೆಚ್ಚಿಗೆ ಇರಿಸಿ, ಕನಿಷ್ಠ ಅಂತರವನ್ನು ನೀವೇ ಪ್ರೋಗ್ರಾಂನಲ್ಲಿ ನಿಗದಿಪಡಿಸಿ.

ಎರಡನೆಯದು ಹೆಚ್ಚು ಅಪಾಯಕಾರಿ. ಸಂದೇಶ ದಾರಿಯಲ್ಲಿ ಕಳೆದುಹೋದರೂ ಸೆನ್ಸರ್ ಅದು ತಲುಪಿತೆಂದೇ ಭಾವಿಸಿ ಹೊಸ ಅಳತೆಯಿಂದ ಲೆಕ್ಕ ಆರಂಭಿಸುತ್ತದೆ, ಸೆನ್ಸರ್‌ಗಳ ಸಂದೇಶ ಪಡೆದು ವಾಲ್ವ್ ನಡೆಸುವ ಗೇಟ್‌ವೇ ಮಾತ್ರ ಹಳೆಯ ತೇವವನ್ನೇ ನಂಬಿ ವಾಲ್ವ್ ಮುಚ್ಚಿಟ್ಟಿರುತ್ತದೆ. ಸಂದೇಶ ತಲುಪಿತೆಂಬ ಸ್ವೀಕೃತಿ ಗೇಟ್‌ವೇಯಿಂದ ಬಂದ ನಂತರವೇ ಆಧಾರದ ಅಳತೆ ಬದಲಾಗಬೇಕು. ಬದಲಾವಣೆ ಇಲ್ಲದಿದ್ದರೂ ಗಂಟೆಗೊಮ್ಮೆ ಜೀವಂತವಿದ್ದೇನೆ ಎಂಬ ಸಂದೇಶ ಬರಬೇಕು. ಅದು ಸತತ ಎರಡು ಸಲ ತಪ್ಪಿದರೆ ಗೇಟ್‌ವೇ ಆ ಅಳತೆಯನ್ನು ಕೈಬಿಟ್ಟು ವೇಳಾಪಟ್ಟಿಯಂತೆ ನೀರು ಹರಿಸಬೇಕು.

ಬಂಗಾರಪೇಟೆಯ ಸದಸ್ಯರು: ಎಲ್ಲ ಸೆನ್ಸರ್‌ಗೂ ಲೋರಾ ಎಂಬ ದೂರಗಾಮಿ ರೇಡಿಯೊದ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಸಂದೇಶವನ್ನು ನಿಧಾನವಾಗಿ ಆದರೆ ಹೆಚ್ಚು ದೂರಕ್ಕೆ ಕಳುಹಿಸುವ ಹಂತ) 12 ಇಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಫಾರ್ವರ್ಡ್ ಬಂದಿದೆ.

ಇಂಜಿನಿಯರ್: ದಯವಿಟ್ಟು ಹಾಗೆ ಮಾಡಬೇಡಿ. ಎಸ್‌ಎಫ್ ಒಂದು ಹಂತ ಏರಿದರೆ ಸಂದೇಶ ಗಾಳಿಯಲ್ಲಿರುವ ಸಮಯ ಸುಮಾರು ಇಮ್ಮಡಿಯಾಗುತ್ತದೆ. ಬ್ಯಾಟರಿ ಬೇಗ ಮುಗಿಯುತ್ತದೆ, ಸಂದೇಶಗಳು ಡಿಕ್ಕಿಯಾಗುತ್ತವೆ. ಇಂಥ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ.

ಚಿಂತಾಮಣಿಯ ಸದಸ್ಯರು: ಬ್ಯಾಟರಿ ಉಳಿಸುವುದು ಹೇಗೆ?

ಇಂಜಿನಿಯರ್: ಮೊದಲ ಉತ್ತರ ಓದಿ.

ಬಂಗಾರಪೇಟೆಯ ಸದಸ್ಯರು: ಇಷ್ಟೆಲ್ಲ ತೊಡಕಿಗಿಂತ ಟೈಮರ್ ಸಾಲದೇ?

ಶ್ರೀನಿವಾಸಪುರದ ಸದಸ್ಯರು: ಮಳೆ ಬಂದ ಮರುದಿನವೂ ನಿಮ್ಮ ಟೈಮರ್ ನೀರು ಬಿಡುತ್ತದೆ. ಆಳದ ಬೋರ್‌ವೆಲ್ಲಿನ ನೀರನ್ನು ಹಾಗೆ ಚೆಲ್ಲಲು ನಮಗಾಗದು.

ಬಂಗಾರಪೇಟೆಯ ಸದಸ್ಯರು: ಸೆನ್ಸರ್ ಸತ್ತಾಗ ಗಿಡವೂ ಸಾಯುವುದಕ್ಕಿಂತ ಅದು ಮೇಲು. ಸ್ವತಃ ಇಂಜಿನಿಯರ್ ಅವರೇ ಕೊನೆಗೆ ವೇಳಾಪಟ್ಟಿಗೆ ಮರಳಿ ಎಂದಿದ್ದಾರೆ.

ಶ್ರೀನಿವಾಸಪುರದ ಸದಸ್ಯರು: ಪೂರ್ತಿ ಓದದೆ ವಾದಿಸಬೇಡಿ.

ಮಾಲೂರಿನ ಸದಸ್ಯರು: ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ ಮಿತಿ ದಾಟಿದರೆ ಆ ಬೇಡಿಕೆಯನ್ನು ಗೇಟ್‌ವೇ ನೆನಪಿಟ್ಟುಕೊಳ್ಳುತ್ತದೆಯೇ?

ಇಂಜಿನಿಯರ್: ಟೈಮರ್ ಜಗಳ ಸಾಕು. ಮುಳಬಾಗಿಲಿನವರೇ, ಗೇಟ್‌ವೇಯ ನಿನ್ನೆಯ ದಾಖಲೆಯನ್ನು ಇಲ್ಲಿ ಹಾಕಿ. ಆ ಸೆನ್ಸರ್‌ನ ಕೊನೆಯ ಸಂದೇಶ ಎಷ್ಟು ಹೊತ್ತಿಗೆ ಬಂದಿದೆ ಎಂಬುದನ್ನು ನೋಡಬೇಕು.