ರೆಟಿನಾ ಡಿಟ್ಯಾಚ್‌ಮೆಂಟ್: ಎಲ್ಲರಿಗೂ ವಿಟ್ರೆಕ್ಟಮಿಯೇ ಬೇಕೇ?

ನೇತ್ರ_ಪಿಜಿ:
ತೂತು ಬಿದ್ದು ರೆಟಿನಾ (ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪದರ) ಕಳಚಿದೆ ಎಂದರೆ ಈಗ ಬಹಳಷ್ಟು ಕಡೆ ನೇರ ವಿಟ್ರೆಕ್ಟಮಿಗೇ (ಕಣ್ಣೊಳಗಿನ ಜೆಲ್ ಆದ ವಿಟ್ರಿಯಸ್ ತೆಗೆಯುವ ಆಪರೇಷನ್) ಹಾಕುತ್ತಾರೆ. ಕಣ್ಣಿನ ಹೊರಗಿನಿಂದ ಸಿಲಿಕೋನ್ ಪಟ್ಟಿ ಹೊಲಿದು ಒತ್ತು ಕೊಡುವ ಬಕಲ್ ಕಲಿಯಲು ಕೇಸೇ ಸಿಗುವುದಿಲ್ಲ. ಎರಡು ಬಗೆಯ ಕಣ್ಣುಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು: ವಯಸ್ಸು 26, ಮೈನಸ್ 7, ಪೊರೆ ಇಲ್ಲ, ವಿಟ್ರಿಯಸ್ ಇನ್ನೂ ಹಿಂದೆ ರೆಟಿನಾದಿಂದ ಬಿಟ್ಟುಕೊಂಡಿಲ್ಲ. ಕೆಳಭಾಗದ ಲ್ಯಾಟಿಸ್ (ರೆಟಿನಾ ತೆಳುವಾದ ಜಾಗ) ಒಳಗೆ ದುಂಡು ತೂತುಗಳು, ಮ್ಯಾಕುಲಾ (ನೇರ ನೋಟ ಕೊಡುವ ರೆಟಿನಾದ ನಡುಭಾಗ) ಅಂಟಿಕೊಂಡೇ ಇದೆ. ಎರಡನೆಯದು: ವಯಸ್ಸು 64, ಪೊರೆ ಆಪರೇಷನ್ ಆಗಿ ಕೃತಕ ಲೆನ್ಸ್ ಇದೆ, ಗಡಿಯಾರದ 11 ಗಂಟೆಯ ಜಾಗದಲ್ಲಿ ಕುದುರೆ ಲಾಳದಾಕಾರದ ಹರುಕು, ಮ್ಯಾಕುಲಾ ಕಳಚಿ ನಾಲ್ಕು ದಿನ. ಇವೆರಡಕ್ಕೂ ಒಂದೇ ಆಪರೇಷನ್ ಸರಿಯೇ? ರೆಟಿನಾ ಅಂಟಿತೋ ಇಲ್ಲವೋ ಎಂದಷ್ಟೇ ನೋಡಿದರೆ ಎಲ್ಲ ವಿಧಾನವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.

ಬಕಲ್_240:
ಮೊದಲ ಕಣ್ಣಿಗೆ ಬಕಲ್. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಎಳೆ ವಯಸ್ಸಿನಲ್ಲಿ ವಿಟ್ರಿಯಸ್ ಗಟ್ಟಿ ಜೆಲ್ ಆಗಿ ರೆಟಿನಾಕ್ಕೆ ಅಂಟಿಕೊಂಡಿರುತ್ತದೆ. ಕಳಚಿ ತೇಲುತ್ತಿರುವ ರೆಟಿನಾದ ಮೇಲಿಂದ ಅದನ್ನು ಎಬ್ಬಿಸಲು ಹೋದರೆ ಹೊಸ ಹರುಕು ಬೀಳುತ್ತದೆ. ಪೂರ್ತಿ ಎಬ್ಬಿಸದೆ ಬಿಟ್ಟರೆ ಉಳಿದ ಪದರದ ಮೇಲೆ ಜೀವಕೋಶಗಳು ಬೆಳೆದು ಪಿವಿಆರ್ (ರೆಟಿನಾವನ್ನು ಸುಕ್ಕುಗಟ್ಟಿಸಿ ಎಳೆಯುವ ಪದರ) ಆಗುತ್ತದೆ. ಮರಳಿ ಕಳಚಿಕೊಳ್ಳಲು ಮುಖ್ಯ ಕಾರಣವೇ ಪಿವಿಆರ್. ಇನ್ನು ವಿಟ್ರೆಕ್ಟಮಿಯ ಕೊನೆಗೆ ರೆಟಿನಾವನ್ನು ಒತ್ತಿ ಹಿಡಿಯಲು ತುಂಬುವ ಗ್ಯಾಸ್ ಮೇಲಕ್ಕೆ ತೇಲುವ ವಸ್ತು, ಕೆಳಗಿನ ತೂತಿಗೆ ಅದರ ಆಸರೆ ಸಿಗುವುದಿಲ್ಲ. ಜೊತೆಗೆ ಚೆನ್ನಾಗಿರುವ ಲೆನ್ಸಿಗೆ ಪೊರೆ ಬರುವ ಅಪಾಯ, 26ಕ್ಕೇ ಹತ್ತಿರದ ನೋಟ ಕಳೆದುಕೊಳ್ಳುವ ನಷ್ಟ.

ಬಕಲ್‌ನಲ್ಲಿ ಎಡವುವುದು ಸಾಮಾನ್ಯವಾಗಿ ತೂತು ಗುರುತಿಸುವಾಗ. ಇನ್‌ಡೈರೆಕ್ಟ್‌ನಲ್ಲಿ (ತಲೆಗೆ ಕಟ್ಟಿಕೊಂಡು ರೆಟಿನಾ ನೋಡುವ ಉಪಕರಣ) ನೋಡುತ್ತಾ ಪ್ರತಿ ತೂತನ್ನೂ ಹೊರಗೆ ಸ್ಕ್ಲೀರಾದ (ಕಣ್ಣಿನ ಬಿಳಿ ಹೊರಗೋಡೆ) ಮೇಲೆ ಗುರುತು ಹಾಕಿ. ಒಂದು ತೂತು ತಪ್ಪಿದರೂ ಆಪರೇಷನ್ ಸೋತಂತೆ. ಕ್ರಯೋ (ತೂತಿನ ಸುತ್ತ ಹೆಪ್ಪುಗಟ್ಟಿಸಿ ಅಂಟಿಸುವುದು) ಕೊಡುವಾಗ ರೆಟಿನಾ ಬೆಳ್ಳಗಾಗುತ್ತಿದ್ದಂತೆ ಪೆಡಲ್‌ನಿಂದ ಕಾಲು ತೆಗೆಯಿರಿ. ಅತಿಯಾದರೆ ಪಿಗ್ಮೆಂಟ್ ಕೋಶಗಳು ಚದುರಿ ಪಿವಿಆರ್‌ಗೆ ದಾರಿ. ಟೈರ್ (ಬಕಲ್‌ನ ಅಗಲವಾದ ಸಿಲಿಕೋನ್ ತುಂಡು) ತೂತಿನ ಅಂಚಿನಿಂದ ಸುಮಾರು 2 ಮಿ.ಮೀ. ಆಚೆಗೂ ಚಾಚಿರಲಿ, 5-0 ಪಾಲಿಯೆಸ್ಟರ್‌ನಲ್ಲಿ ಮ್ಯಾಟ್ರೆಸ್ ಹೊಲಿಗೆ. ಗಂಟು ಬಿಗಿದ ಮೇಲೆ ಡಿಸ್ಕ್ (ಕಣ್ಣಿನ ನರ ಮತ್ತು ರಕ್ತನಾಳಗಳು ಒಳಬರುವ ಜಾಗ) ನೋಡಲೇಬೇಕು. ರಕ್ತನಾಳ ಬೆಳ್ಳಗಾಗಿದ್ದರೆ ಅಥವಾ ಅದರಲ್ಲಿ ರಕ್ತ ಹರಿಯುವುದು ನಿಂತಿದ್ದರೆ ತಕ್ಷಣ ಗಂಟು ಸಡಿಲಿಸಿ ಅಥವಾ ಕಣ್ಣಿನ ಮುಂಭಾಗದಿಂದ ನೀರು ತೆಗೆಯಿರಿ.

240 ಬ್ಯಾಂಡ್ (ಕಣ್ಣಿನ ಸುತ್ತ ಕಟ್ಟುವ ಕಿರಿದಾದ ಸಿಲಿಕೋನ್ ಪಟ್ಟಿ) ಸುತ್ತಿದರೆ ಕಣ್ಣು ಉದ್ದವಾಗಿ ಮೈನಸ್ 1ರಿಂದ 3ರಷ್ಟು ಪವರ್ ಹೆಚ್ಚುತ್ತದೆ ಎಂದು ರೋಗಿಗೆ ಮೊದಲೇ ಹೇಳಿ. ತೂತುಗಳು ಒಂದೇ ಕಡೆ ಇದ್ದರೆ ಅಲ್ಲಿಗಷ್ಟೇ ಟೈರ್ ಸಾಕು, ಸುತ್ತುವ ಅಗತ್ಯವಿಲ್ಲ. ಹಳೆಯ ಡಿಟ್ಯಾಚ್‌ಮೆಂಟ್‌ನಲ್ಲಿ ರೆಟಿನಾ ಅಡಿಯ ನೀರು ಇಂಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ತೂತು ಬಕಲ್ ಮೇಲೆ ಸರಿಯಾಗಿ ಕೂತಿದ್ದರೆ ಕಾಯಿರಿ.

ವಿಟ್ರಿಯಸ್_ಕಟರ್:
ಮೇಲಿನದಕ್ಕೆ ನನ್ನ ಸಹಮತ. ಎರಡನೆಯ ಕಣ್ಣಿಗೆ ವಿಟ್ರೆಕ್ಟಮಿ ಎನ್ನಲು ಗಟ್ಟಿ ಆಧಾರವಿದೆ. 2007ರಲ್ಲಿ ಪ್ರಕಟವಾದ ಯುರೋಪಿನ ಎಸ್‌ಪಿಆರ್ ಅಧ್ಯಯನದಲ್ಲಿ, ಪೊರೆ ಆಪರೇಷನ್ ಆದ ಕಣ್ಣುಗಳಲ್ಲಿ ಮತ್ತೆ ರೆಟಿನಾ ಆಪರೇಷನ್ ಇಲ್ಲದೆ ನಿಂತದ್ದು ವಿಟ್ರೆಕ್ಟಮಿಯಲ್ಲಿ 72%, ಬಕಲ್‌ನಲ್ಲಿ 53.4%. ಸ್ವಂತ ಲೆನ್ಸ್ ಇರುವವರಲ್ಲಿ ಅಂಟುವಿಕೆ ಎರಡರಲ್ಲೂ 64%ರ ಆಸುಪಾಸು, ಆದರೆ ದೃಷ್ಟಿ ಹೆಚ್ಚು ಸುಧಾರಿಸಿದ್ದು ಬಕಲ್ ಗುಂಪಿನಲ್ಲಿ. ಅಲ್ಲಿದ್ದದ್ದು ಮಧ್ಯಮ ತೊಡಕಿನ ಕೇಸುಗಳು, ಯಶಸ್ಸಿನ ಅಳತೆಯೂ ಕಠಿಣ. ಹಾಗಾಗಿ ಈ ಅಂಕಿಗಳನ್ನು ಸರಳ ಕೇಸಿನ 85–90%ಕ್ಕೆ ಹೋಲಿಸಬೇಡಿ.

ಲೆನ್ಸ್ ಹಾಕಿದ ಕಣ್ಣಲ್ಲಿ ಅಂಚಿನ ಸಣ್ಣ ತೂತುಗಳು ಹೊರಗಿನಿಂದ ಕಾಣದೇ ಹೋಗುತ್ತವೆ. ಒಳಹೊಕ್ಕು ಅಂಚು ಒತ್ತಿ ನೋಡಿದಾಗ ಸಿಗುತ್ತವೆ. ಈ ಕಣ್ಣಲ್ಲಿ ಟ್ರೋಕಾರ್ (ಉಪಕರಣ ಒಳಬಿಡುವ ಕೊಳವೆ) ಲಿಂಬಸ್‌ನಿಂದ (ಕಪ್ಪುಗುಡ್ಡೆಯ ಅಂಚು) 3.5 ಮಿ.ಮೀ., ಸ್ವಂತ ಲೆನ್ಸ್ ಇದ್ದರೆ 4 ಮಿ.ಮೀ. ಹರುಕಿನ ಅಂಚು ಎಳೆಯುತ್ತಿರುವ ವಿಟ್ರಿಯಸ್ ಪೂರ್ತಿ ಹೋಗಲಿ, ಸುತ್ತ ಮೂರು ಸಾಲು ಲೇಸರ್ ಇರಲಿ.

ಗ್ಯಾಸ್ ಬೆರೆಸುವುದರಲ್ಲಿ ಎಚ್ಚರ. 50 ಮಿ.ಲೀ. ಸಿರಿಂಜಿನಲ್ಲಿ 20% ಎಸ್‌ಎಫ್6 ಬೇಕಾದರೆ 10 ಮಿ.ಲೀ. ಗ್ಯಾಸ್, 40 ಮಿ.ಲೀ. ಫಿಲ್ಟರ್ ಆದ ಗಾಳಿ. ಹೆಚ್ಚು ದಿನ ನಿಲ್ಲುವ ಇನ್ನೊಂದು ಗ್ಯಾಸ್ ಸಿ3ಎಫ್8 14% ಬೇಕಾದರೆ 7 ಮತ್ತು 43. ಇದನ್ನೇ ತಿರುಗುಮುರುಗಾಗಿಸಿದರೆ ಗ್ಯಾಸ್ ಕಣ್ಣೊಳಗೆ ಹಿಗ್ಗಿ, ಒತ್ತಡ ಏರಿ, ರೆಟಿನಾದ ರಕ್ತನಾಳವೇ ಮುಚ್ಚಬಹುದು. ಅಳತೆಯನ್ನು ಸಿಸ್ಟರ್ ಗಟ್ಟಿಯಾಗಿ ಓದಿ ಹೇಳಲಿ, ನೀವು ಸಿರಿಂಜ್ ನೋಡಿ ಒಪ್ಪಿ. ಬೆರೆಸಿಟ್ಟು ಕಾಯಬೇಡಿ, ಸಾಂದ್ರತೆ ಇಳಿಯುತ್ತದೆ. ಮೇಲಿನ ಹರುಕಿಗೆ ಸುಮಾರು ಎರಡು ವಾರ ನಿಲ್ಲುವ ಎಸ್‌ಎಫ್6 ಧಾರಾಳ ಸಾಕು. ಸಿ3ಎಫ್8 ಹಾಕಿ ಆರರಿಂದ ಎಂಟು ವಾರ ಆ ಕಣ್ಣು ಕಟ್ಟಿಹಾಕುವುದೇಕೆ?

ಮ್ಯಾಕುಲಾ_ಮೊದಲು:
ಅಂಟಿತೋ ಇಲ್ಲವೋ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಟೊರೊಂಟೊದ ಪಿವಟ್ ಪ್ರಯೋಗ (2019) ನೋಡಿ. ಕಣ್ಣಿಗೆ ಗ್ಯಾಸ್ ಚುಚ್ಚಿ ಲೇಸರ್ ಅಥವಾ ಕ್ರಯೋ ಕೊಡುವ ನ್ಯೂಮ್ಯಾಟಿಕ್ ವಿಧಾನದಲ್ಲಿ ಮೊದಲ ಸಲಕ್ಕೇ ಅಂಟಿದ್ದು 80.8%, ವಿಟ್ರೆಕ್ಟಮಿಯಲ್ಲಿ 93.2%. ಆದರೂ ವರ್ಷದ ಕೊನೆಗೆ ನ್ಯೂಮ್ಯಾಟಿಕ್ ಗುಂಪು ಸರಾಸರಿ ಸುಮಾರು ಐದು ಅಕ್ಷರ ಹೆಚ್ಚು ಓದಿತು, ಗೆರೆ ಸೊಟ್ಟಗೆ ಕಾಣುವ ತೊಂದರೆಯೂ ಕಡಿಮೆ. ರೆಟಿನಾ ತನ್ನ ಜಾಗದಲ್ಲೇ ಕೂರದೆ ಸ್ವಲ್ಪ ಸರಿದು ಅಂಟಿದರೆ ಸ್ಕ್ಯಾನ್ ಚೆಂದ, ನೋಟ ಸೊಟ್ಟ.

ನಿಮ್ಮ ಎರಡನೆಯ ಕಣ್ಣು ನ್ಯೂಮ್ಯಾಟಿಕ್‌ಗೂ ಹೊಂದುತ್ತದೆ: ಹರುಕು ಮೇಲಿನ ಎಂಟು ಗಂಟೆಗಳ ವ್ಯಾಪ್ತಿಯಲ್ಲಿದೆ, ಒಂದೇ ಇದೆ. ಶುದ್ಧ ಸಿ3ಎಫ್8 ಆದರೆ 0.3 ಮಿ.ಲೀ., ಎಸ್‌ಎಫ್6 ಆದರೆ 0.5 ಮಿ.ಲೀ. ಆದರೆ ಅಂಚು ಪೂರ್ತಿ ಕಾಣಬೇಕು, ರೋಗಿ ಹೇಳಿದ ಭಂಗಿಯಲ್ಲಿ ಐದಾರು ದಿನ ಇರಬೇಕು, ಮರುದಿನವೇ ತಪಾಸಣೆಗೆ ಬರಬೇಕು. ಇದರಲ್ಲಿ ಒಂದು ಕೈಕೊಟ್ಟರೂ ವಿಟ್ರೆಕ್ಟಮಿಯೇ ಮೇಲು.

ವಿಟ್ರೆಕ್ಟಮಿ ಆದರೆ ಮೊದಲ 24 ಗಂಟೆ ಬೋರಲು ಮಲಗಿಸಿ. ಲಂಡನ್ನಿನ ಮೂರ್‌ಫೀಲ್ಡ್ಸ್ ಪ್ರಯೋಗದಲ್ಲಿ ಹೀಗೆ ಮಾಡಿದವರಲ್ಲಿ ರೆಟಿನಾ ಸರಿದದ್ದು 42%, ಹರುಕಿನ ಕಡೆಗಷ್ಟೇ ಆಸರೆ ಕೊಟ್ಟವರಲ್ಲಿ 58%. ಮ್ಯಾಕುಲಾ ಕಳಚಿ ನಾಲ್ಕು ದಿನ ಎಂದಿರಿ, ಮಧ್ಯರಾತ್ರಿ ಥಿಯೇಟರ್ ತೆಗೆಸಬೇಕಿಲ್ಲ, ಆದರೆ ವಾರ ದಾಟಿಸಬೇಡಿ. ಇದೇ ಮೇಲಿನ ಹರುಕು ಮ್ಯಾಕುಲಾ ಉಳಿದಿರುವಾಗ ಬಂದಿದ್ದರೆ ಅಂದೇ ಅಥವಾ ಮರುದಿನ ಆಪರೇಷನ್, ಅಲ್ಲಿಯವರೆಗೆ ಮಲಗಿರಬೇಕು.

ನೇತ್ರ_ಪಿಜಿ:
ಬಹಳ ಉಪಯೋಗವಾಯಿತು, ಧನ್ಯವಾದ. ಇನ್ನೊಂದು: ಮಂಗಳೂರಿನಲ್ಲಿ ಆಪರೇಷನ್, ಮನೆ ಮಡಿಕೇರಿ. ಗ್ಯಾಸ್ ಇರುವಾಗ ಘಟ್ಟ ಹತ್ತಬಹುದೇ? ಹಾಗಾಗಿಯೇ ಗ್ಯಾಸ್ ಬದಲು ಸಿಲಿಕೋನ್ ಎಣ್ಣೆ ಹಾಕುವುದು ಸರಿಯೇ?

ವಿಟ್ರಿಯಸ್_ಕಟರ್:
ವಿಮಾನ ಬೇಡ ಎಂದು ಎಲ್ಲರೂ ಹೇಳುತ್ತಾರೆ, ಘಟ್ಟದ ವಿಷಯ ಮರೆಯುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಸುಮಾರು 12% ಕಡಿಮೆ. ಬಸ್ಸಿನಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬಿದಂತೆ ಗ್ಯಾಸ್ ಹಿಗ್ಗಲು ನೋಡುತ್ತದೆ. ಕಣ್ಣಿಗೆ ಹಿಗ್ಗಲು ಜಾಗವಿಲ್ಲ, ಹಾಗಾಗಿ ಒತ್ತಡ ಏರಿ ನೋವು, ಮಂಜು, ಕೊನೆಗೆ ರಕ್ತಸಂಚಾರ ನಿಲ್ಲುವ ಅಪಾಯ. ಗ್ಯಾಸ್ ತುಂಬಿರುವಾಗ ಕರಾವಳಿಯಲ್ಲೇ ಉಳಿಯಲಿ. ರೋಗಿಗೇ ಗ್ಯಾಸಿನ ಗೆರೆ ಕಾಣುತ್ತದೆ. ಅದು ಎಷ್ಟು ಇಳಿದಿದೆ ಎಂದು ನೋಡಿ, ಒತ್ತಡ ಅಳೆದು ಕಳಿಸಿ. ಗ್ಯಾಸ್ ಪೂರ್ತಿ ಹೋಗುವವರೆಗೆ ಬೇರೆ ಯಾವ ಆಪರೇಷನ್‌ಗೂ ನೈಟ್ರಸ್ ಆಕ್ಸೈಡ್ (ಅರಿವಳಿಕೆಯ ಅನಿಲ) ಕೊಡಕೂಡದು. ಅದಕ್ಕೇ ಕೈಗೆ ಎಚ್ಚರಿಕೆಯ ಪಟ್ಟಿ ಕಟ್ಟುವುದು.

ಎಣ್ಣೆ ಹಿಗ್ಗುವುದಿಲ್ಲ, ನಿಜ. ಆದರೆ ಸರಳ ಕೇಸಿಗೆ ಪ್ರಯಾಣವೊಂದೇ ಕಾರಣಕ್ಕೆ ಎಣ್ಣೆ ಹಾಕಿದರೆ ಎರಡನೇ ಆಪರೇಷನ್ ಹೇಗೂ ಬರುತ್ತದೆ. ಎಣ್ಣೆ ಇರುವಷ್ಟು ದಿನ ಆ ಕಣ್ಣಿಗೆ ಪ್ಲಸ್ 5ರಿಂದ 7ರಷ್ಟು ಪವರ್ ಬರುತ್ತದೆ. ಮೂರರಿಂದ ಆರು ತಿಂಗಳೊಳಗೆ ತೆಗೆಯದಿದ್ದರೆ ಎಣ್ಣೆ ಒಡೆದು ಸಣ್ಣ ಹನಿಗಳಾಗಿ ಮುಂದೆ ಬರುತ್ತದೆ, ಒತ್ತಡ ಏರುತ್ತದೆ, ಕಾರ್ನಿಯಾ ಬೆಳ್ಳಗಾಗುತ್ತದೆ. ಪಿವಿಆರ್ ಇದ್ದರೆ ಹಾಕಲೇಬೇಕಾದೀತು. ನಿಮ್ಮ 64ರ ರೋಗಿಗೆ ಎಸ್‌ಎಫ್6 ಹಾಕಿ, ಎರಡು ವಾರ ಮಂಗಳೂರಿನಲ್ಲಿ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವ ವ್ಯವಸ್ಥೆ ಆಪರೇಷನ್‌ಗೆ ಮೊದಲೇ ಮಾಡಿಸಿ. 26ರವರಿಗೆ ಬಕಲ್ ಮಾತ್ರ ಹಾಕಿ, ಒಳಗೆ ಗ್ಯಾಸ್ ಬಿಡದಿದ್ದರೆ ಘಟ್ಟದ ಪ್ರಶ್ನೆಯೇ ಬರುವುದಿಲ್ಲ.