ಸಹಾಯ ಬೇಕು: ತಡವಾದ ಮಳೆಗೆ ಇಂಟಾನ್ ಭತ್ತ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಕೈಕೊಟ್ಟಿತು, ಜುಲೈನ ಪುನರ್ವಸು ಈಗ ಹಿಡಿದಿದೆ. ಸಸಿಮಡಿಗೆ ಇನ್ನೂ ಬೀಜ ಚೆಲ್ಲಿಲ್ಲ, ನಾಟಿ ಆಗಸ್ಟ್‌ನ ಆಶ್ಲೇಷಾ ಮಳೆಗೇ ಸೈ.

ತಗ್ಗಿನ ಬೈಲು ಗದ್ದೆಗೆ ಪ್ರತಿ ವರ್ಷ ಇಂಟಾನ್. ಅದು ಐದು ತಿಂಗಳು ಮೀರುವ ತಳಿ. ಈಗ ಚೆಲ್ಲಿದರೆ ತೆನೆ ಹೊರಡುವುದು ನವೆಂಬರ್‌ನಲ್ಲಿ. ಹೊಡೆ (ಇನ್ನೂ ಹೊರಬರದ ತೆನೆ) ತುಂಬಿ ಹೂ ಬಿಡುವ ಹೊತ್ತಿಗೆ ರಾತ್ರಿ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಕಟ್ಟದೆ ಕಾಳು ಜೊಳ್ಳಾಗುತ್ತೆ. ಹೋದ ವರ್ಷ ಪಕ್ಕದವರ ತಡದ ಗದ್ದೆಯಲ್ಲಿ ನೋಡಿದೆ: ತೆನೆ ಬಾಗಲೇ ಇಲ್ಲ, ನೆಟ್ಟಗೆ ನಿಂತಿತ್ತು, ಹಿಸುಕಿದರೆ ಬರೀ ಹೊಟ್ಟು. ಇಬ್ಬನಿ ಜೋರಾದರೆ ತೆನೆಯ ಬುಡಕ್ಕೆ ಬರುವ ಕುತ್ತಿಗೆ ಬೆಂಕಿ ರೋಗದ (ಶಿಲೀಂಧ್ರ ರೋಗ) ಭಯ ಬೇರೆ.

ಐಆರ್ 64 ತಳಿ ಸುಮಾರು ನಾಲ್ಕು ತಿಂಗಳಿಗೆ ಬರುತ್ತೆ, ಸರಿ. ಆದರೆ ಗಿಡ ಗಿಡ್ಡ, ನಮ್ಮ ಬೈಲಲ್ಲಿ ಮಳೆ ನೀರು ವಾರಗಟ್ಟಲೆ ಇಳಿಯಲ್ಲ. ಎಂಟಿಯು 1001 ತಳಿ ಆಗಬಹುದಾ? ಹೊಸನಗರ, ಸಾಗರದ ಕಡೆ ಜವುಳು ಗದ್ದೆಗೆ ತಡವಾಗಿ ನೆಟ್ಟವರು ಯಾವ ತಳಿ ಹಾಕಿದ್ದಿರಿ, ಜೊಳ್ಳು ಎಷ್ಟು ಬಂತು ಹೇಳಿ ಮಾರಾಯ್ರೆ. ಯೂರಿಯಾ ಕಡಿಮೆ ಮಾಡಬೇಕು ಅನ್ನೋದು ಗೊತ್ತಿದೆ, ಅದೊಂದು ಬಿಟ್ಟು ಬೇರೆ ಏನಿದ್ದರೂ ಬರೆಯಿರಿ. ಎತ್ತರದ ಮಕ್ಕಿ ಗದ್ದೆಗೆ ಜ್ಯೋತಿ ತಳಿ ಹಾಕ್ತೀನಿ, ಅದರ ಚಿಂತೆ ಇಲ್ಲ.

ಬೀಜ ಈ ವಾರವೇ ನೆನೆಹಾಕಬೇಕು.