ಊರ ಹೆಸರಿನ ಪಕ್ಕದ (ಕೆ), (ಬಿ): ಬಿಡಿಸಿ ಬರೆಯೋದು ಹೇಗೆ?

ಎಲ್ಲರಿಗೂ ಶರಣು.

ಅಣ್ಣನ ಮಗಳ ಲಗ್ನಪತ್ರಿಕೆ ಬರೆಯುವಾಗ ಎದ್ದ ಪ್ರಶ್ನೆ ಇದು. ಬೀಗರ ಊರು ಕಲಬುರಗಿ ತಾಲ್ಲೂಕಿನ ನಂದೂರ (ಕೆ). ನಂದೂರ (ಬಿ) ಬೇರೆ ಇದೆ. ಪತ್ರಿಕೆ ಪೂರ್ತಿ ಕನ್ನಡದಲ್ಲಿದ್ದು, ಈ ಒಂದು 'ಕೆ' ಮಾತ್ರ ಇಂಗ್ಲಿಷ್ ಅಕ್ಷರ. ಬಿಡಿಸಿ ಬರೆಯೋಣ ಅಂದೆ. "ಕೆ ಅಂದ್ರೆ ಕೆಳಗಿನ ನಂದೂರ ಅಲ್ವಾ ಕಾಕಾ?" ಅಂದಳು ಮದುಮಗಳು.

ಬೀಗರ ಮನೆಯ ಹಿರಿಯರಿಗೆ ಫೋನ್ ಮಾಡಿದೆ. "ಅದು ಖುರ್ದ ಅದರೀ. ಹಳೀ ಕಾಗದದಾಗ ಹಂಗೇ ಅದ" ಅಂದರು.

ಖುರ್ದ ಅಂದರೆ ಪಾರ್ಸಿಯಲ್ಲಿ ಸಣ್ಣದು. ಇನ್ನೊಂದು ನಂದೂರಿನ 'ಬಿ' ಬುಜುರ್ಗ, ಅಂದರೆ ದೊಡ್ಡದು, ಹಿರಿಯದು. ಒಂದೇ ಹೆಸರಿನ ಎರಡು ಊರು ಗುರುತಿಸಲು ಕಂದಾಯದವರು ಹೀಗೆ ಬರೆಯುತ್ತಿದ್ದರು. ನಿಜಾಮರ ಕಾಲದ ದಫ್ತರ ಮೊದಲು ಪಾರ್ಸಿ, ಆಮೇಲೆ ಉರ್ದುವಿನಲ್ಲಿತ್ತು. ಈ ಸೀಮೆ 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂತು, ಆದರೆ ಪದಗಳು ಊರ ಹೆಸರಿಗೆ ಅಂಟಿಕೊಂಡೇ ಉಳಿದವು. ಬೀದರಿನ ಗಡಿ ದಾಟಿದರೆ ಮರಾಠಿಯವರು ಅದನ್ನೇ 'ಖು', 'ಬು' ಅಂತ ಬರೆಯುತ್ತಾರೆ. ಬುಜುರ್ಗವೇ ಅವರ ಬಾಯಲ್ಲಿ ಬುದ್ರುಕ್. ಅಲ್ಲಿ ಪದದ ಮೊದಲಕ್ಷರವಾದರೂ ಉಳಿದಿದೆ. ನಾವು ಪಾರ್ಸಿ ಪದ ತಗೊಂಡು, ಇಂಗ್ಲಿಷಿನಲ್ಲಿ ಚಿಕ್ಕದು ಮಾಡಿ, ಆ ಅಕ್ಷರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಹುಡುಗಿ 'ಕೆಳಗಿನ' ಅಂದುಕೊಂಡಿದ್ದರಲ್ಲಿ ಅವಳ ತಪ್ಪೇನೂ ಇಲ್ಲ.

ಹಾಗಂತ ಎಲ್ಲ 'ಕೆ'ಯನ್ನೂ ಖುರ್ದ ಅಂತ ಬಿಡಿಸಿದರೆ ಎಡವುತ್ತೇವೆ. ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ಗೋಗಿ (ಕೆ), ಗೋಗಿ (ಪಿ) ಇವೆ. ಬಿಜಾಪುರದ ಆದಿಲ್‌ಶಾಹಿ ಮೊದಲ ಸುಲ್ತಾನ ಯೂಸುಫನ ಗೋರಿ ಇರುವ ಗೋಗಿ ಅದೇ. ಅಲ್ಲಿ 'ಪಿ' ಅಂದರೆ ಪೇಠ, 'ಕೆ' ಅಂದರೆ ಕೋನ. ಈ 'ಕೋನ'ಕ್ಕೆ ಮೂಲೆ ಅನ್ನೋ ಅರ್ಥ ಹೊಂದುತ್ತೆ ಅಂತ ನನ್ನ ಊಹೆ: ಪೇಟೆ ಒಂದು ಕಡೆ, ಮೂಲೆಯ ಕೇರಿ ಇನ್ನೊಂದು ಕಡೆ. ಆ ಊರಿನವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಹಿರಿಯರು ಏನನ್ನುತ್ತಾರೆ?

ಇನ್ನೊಂದು ಮಾತು. ಖುರ್ದ ಬಿಟ್ಟು 'ಚಿಕ್ಕನಂದೂರ' ಅಂತ ಹಾಕಿಸು ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕನ್ನಡದ ಹಿರೇ, ಚಿಕ್ಕ ಹೆಸರಿನ ಮೊದಲಿಗೆ ಬರುತ್ತವೆ, ಹಿರೇಸಾವಳಗಿ ಇದ್ದ ಹಾಗೆ. ಜನರೇ ಹಾಗೆ ಕರೆದಿದ್ದರಿಂದ ಆ ಹೆಸರು ನಿಂತಿದೆ. ಯಾರೂ ಕರೆಯದ ಹೆಸರನ್ನು ಸುಮ್ನೆ ಕಟ್ಟಿ ಊರಿಗೆ ಹಚ್ಚೋದು ಸರಿಯಲ್ಲ. ಪತ್ರಿಕೆಯಲ್ಲಿ 'ನಂದೂರ ಖುರ್ದ' ಅಂತಲೇ ಅಚ್ಚಾಗಿದೆ.

ನಿಮ್ಮ ಕಡೆ ಹೆಸರಿನ ಪಕ್ಕ (ಕೆ), (ಬಿ), (ಜೆ) ಇರುವ ಊರು ಜಾಸ್ತಿ ಇರಬಹುದು. ಅವನ್ನು ಬಾಯಲ್ಲಿ ಹೇಗೆ ಅನ್ನುತ್ತಾರೆ? ಬೋರ್ಡಿನ ಮೇಲೆ ಇರೋದಲ್ಲ, ಬಸ್ಸಿನಲ್ಲಿ ಅಜ್ಜಿ ಟಿಕೆಟ್ ಕೇಳುವಾಗ ಹೇಳುವ ಹೆಸರು ಬೇಕು.